ಲಿವರ್ ಸೂಜಿ ನಿಲ್ಲಿಸಿದವರಿಗೆ ಹುಡುಗಿಯ ಸೋದರಮಾವನ ಅರಿಕೆ

ಆಸ್ಪತ್ರೆಯಲ್ಲಿ ಯಾವ ಸೂಜಿ ಉಪಯೋಗ, ಯಾವ ಸೂಜಿ ದಂಡ ಎಂದು ತೀರ್ಪು ಕೊಡುವ ಅಧಿಕಾರಿಗಳಾದ ಮಾನ್ಯರೇ,

ನಿಮ್ಮ ಒಂದು ನೋಟೀಸು ನನ್ನ ಅಕ್ಕನ ಮಗಳ ಮದುವೆಯನ್ನು ನಿಲ್ಲಿಸಿ ಕೂತಿದೆ. ಮದುವೆ ನಿಲ್ಲಿಸುವುದಕ್ಕೆ ನಮ್ಮ ಕಡೆ ಬೇಕಾದಷ್ಟು ಕಾರಣಗಳಿವೆ. ಹಲ್ಲಿ ಲೊಚಗುಟ್ಟಿದರೂ ನಿಲ್ಲುತ್ತದೆ, ಬೀಗರಿಗೆ ಎರಡನೇ ಸಲ ಸಾರು ಬಡಿಸದಿದ್ದರೂ ನಿಲ್ಲುತ್ತದೆ. ಆದರೆ ವೈದ್ಯ ಇಲಾಖೆಯ ನೋಟೀಸಿನಿಂದ ನಿಂತ ಲಗ್ನ ಬಂಗಾರಪೇಟೆ ತಾಲ್ಲೂಕಿನಲ್ಲಿ ಇದೇ ಮೊದಲು. ಆ ಕೀರ್ತಿ ತಮಗೇ ಸಲ್ಲಬೇಕು.

ಗಣಿ ಪ್ರದೇಶದ ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಅಂಟಿಸಿರುವ ತಮ್ಮ ಅಪ್ಪಣೆಯನ್ನು ನಾನು ನಿಂತು ಪೂರ್ತಿ ಓದಿದ್ದೇನೆ. ಓದಲು ಬಾರದವರಿಗೆ ಜೋರಾಗಿ ಓದಿಯೂ ಹೇಳಿದ್ದೇನೆ. ಪಕ್ಕೆಯೊಳಗೆ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡುವ ಪರೀಕ್ಷೆಯನ್ನು ತಾವು ಪರಿಶೀಲಿಸಿದಿರಿ. ಅದರ ಫಲಿತಾಂಶದಿಂದ ಬಹುಪಾಲು ರೋಗಿಗಳ ಚಿಕಿತ್ಸೆಯಲ್ಲಿ ಗಣನೀಯ ಬದಲಾವಣೆಯೇನೂ ಕಂಡುಬರಲಿಲ್ಲ. ಆದಕಾರಣ ಈ ತಿಂಗಳ ಕೊನೆಗೆ ಅದನ್ನು ಇಲ್ಲಿ ನಿಲ್ಲಿಸಲಾಗುವುದು, ಬೇಕಾದವರು ಬೆಂಗಳೂರಿಗೆ ಹೋಗತಕ್ಕದ್ದು. ಇಷ್ಟೇ ತಾನೆ? ನಮ್ಮ ಮದುವೆ ಹುಡುಗನ ಎರಡನೇ ಸೂಜಿ ಇರುವುದು ಮುಂದಿನ ತಿಂಗಳ ಮೊದಲ ಸೋಮವಾರ. ತಾವು ಮೋಟಾರಿನಲ್ಲಿ ಬಂದು, ಆಸ್ಪತ್ರೆಯವರು ಕೊಟ್ಟ ಟೀ ಕುಡಿದು, ಮಧ್ಯಾಹ್ನದ ಊಟದ ಹೊತ್ತಿಗೆ ಹೊರಟುಹೋದಿರಂತೆ. ಅಷ್ಟರಲ್ಲೇ ಲಿವರಿನ ಹಣೆಬರಹ ಬರೆದ ತಮ್ಮ ಚುರುಕುತನ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಒಂದು ಮೂಟೆ ಆಲೂಗೆಡ್ಡೆಯಲ್ಲಿ ಕೊಳೆತದ್ದೆಷ್ಟು, ಒಳ್ಳೆಯದೆಷ್ಟು ಎಂದು ಆರಿಸುವುದಕ್ಕೇ ನಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಬಚ್ಚಪ್ಪ, ಬೂದಿಕೋಟೆ ಪಕ್ಕದ ಹಳ್ಳಿಯವನು. ಓದಿದ್ದು ಊರ ಶಾಲೆಯಲ್ಲೇ ಆದರೂ, ನನ್ನ ಅಕ್ಷರ ನೋಡಿ ಹಿಂದಿನ ಅಮಲ್ದಾರರು ‘ಇದು ಅಚ್ಚು ಹಾಕಿಸಿದ್ದೇನಯ್ಯ?’ ಎಂದು ಕೇಳಿದ್ದುಂಟು. ಹೋಬಳಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನ ಜಗಲಿಗೇ ಬರುತ್ತಾರೆ. ತರಕಾರಿಯನ್ನು ಆಂಡರ್ಸನ್‌ಪೇಟೆಗೆ ಹಾಕುವುದು ನನ್ನ ಕಸುಬು. ಗಣಿಯ ಜನರ ಜೊತೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಚೌಕಾಸಿ ಮಾಡಬಲ್ಲೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಈ ಕೊನೆಯ ವಿಷಯವನ್ನು ದಯವಿಟ್ಟು ಗಮನಿಸಬೇಕು. ನನ್ನ ಸಂಕಟವೆಲ್ಲ ಇರುವುದು ಅದರಲ್ಲೇ.

ನನ್ನ ಅಕ್ಕ ನರಸಮ್ಮ, ಬಾವ ದೊಡ್ಡವೆಂಕಟಪ್ಪ. ಅವರಿಗೆ ಒಬ್ಬಳೇ ಮಗಳು ಮಂಗಮ್ಮ. ಅವಳಿಗೆ ಗಂಡು ನೋಡಿದವನು ನಾನೇ. ಹುಡುಗನ ಹೆಸರು ಚಿಕ್ಕಮುನಿಯಪ್ಪ, ನಮ್ಮ ಪೈಕಿಯವನೇ, ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಭೂಮಿಯೊಳಗೆ ಇಳಿದು ಕೆಲಸ ಮಾಡುವವನು. ನನಗೆ ಕಣ್ಣು ಮುಚ್ಚಿಕೊಂಡೂ ಗಂಡು ಆರಿಸಲು ಬರುತ್ತದೆ. ಮಾತು ಕಡಿಮೆ, ದುಡಿಮೆ ಹೆಚ್ಚು, ನಾನು ಎರಡು ಸಲ ಹೇಳಿದ ಕತೆಗೆ ಎರಡು ಸಲವೂ ನಗುತ್ತಾನೆ. ಇದಕ್ಕಿಂತ ಒಳ್ಳೆಯ ಅಳಿಯ ಎಲ್ಲಿ ಸಿಗುತ್ತಾನೆ? ತಾಂಬೂಲ ಬದಲಾಯಿತು. ಆಮೇಲೆ ಒಂದು ತಿಂಗಳಲ್ಲಿ ಹುಡುಗನಿಗೆ ಜ್ವರ ಬಂತು, ಕಣ್ಣು ಅರಿಶಿನವಾಯಿತು, ಬಲಪಕ್ಕೆಯ ಕೆಳಗೆ ಊದಿಕೊಂಡಿತು.

ಗಣಿಯ ಗಂಡಸಿಗೆ ಕಣ್ಣು ಹಳದಿಯಾದರೆ ನಮ್ಮ ಹಳ್ಳಿಗಳಲ್ಲಿ ಯಾವ ಡಾಕ್ಟರನ್ನೂ ಕೇಳುವುದಿಲ್ಲ. ಪಾಳಿ ಮುಗಿಸಿ ಮೇಲೆ ಬಂದವನು ಎಲ್ಲಿಗೆ ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತು ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ನನ್ನ ಬಾವ ಅಂದೇ ಪಂಚೆ ಎತ್ತಿ ಕಟ್ಟಿ ನನ್ನ ಮನೆಗೆ ಬಂದರು. ತಮ್ಮ ಲಿವರಿಗೆ ನಮ್ಮ ಕಡೆ ಈಲಿ ಎನ್ನುತ್ತಾರೆ.

‘ಏನ್ಲಾ ಬಚ್ಚ, ಇದೇನಾ ನೀನ್ ಉಡುಕಿದ ಗಂಡು? ಕುಡ್ದು ಕುಡ್ದು ಈಲಿ ಊದ್ಸ್‌ಕೊಂಡವ್ನೆ!’

‘ಬಾವ, ಆ ಉಡುಗ ಮಜ್ಜಿಗೇನೂ ಸೋಸ್ಕೊಂಡು ಕುಡಿಯೋನು.’

‘ಓಗ್ಲಾ. ಮಜ್ಜಿಗೆ ಕುಡ್ದು ಯಾರ್ ಕಣ್ಣಾದ್ರೂ ಅಳ್ದಿ ಆಯ್ತದಾ? ನಾಳೇನೇ ತಾಂಬೂಲ ವಾಪಸ್ ಮಾಡ್ತೀನಿ.’

‘ಮಾಡಿ, ಉಡುಗೀನ ಏನ್ ಮಾಡ್ತೀಯ? ಒಂದ್ಸಲ ತಾಂಬೂಲ ತಿರುಗ್ದೋಳ್ನ ಯಾರ್ ಕೇಳ್ಕೊಂಡ್ ಬತ್ತಾರೆ?’

ಬಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸಂತೆಯಲ್ಲಿ ಎತ್ತು ನೋಡುವಾಗ ಹಾಗೆ ನೋಡುತ್ತಾರೆ. ‘ಸೋದರಮಾವ ಅಂತ ನೀನ್ ಇದ್ದೀಯಲ್ಲ. ಎಂಗೂ ಒಲೆ ಅಚ್ಚೋರಿಲ್ಲ ನಿನ್ ಮನೇಲಿ. ಶ್ರಾವಣದಲ್ಲಿ ನಿನ್ಗೇ ಕಟ್ಬಿಡ್ತೀನಿ.’

ನಮ್ಮಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು ಎನ್ನುತ್ತಾರೆ. ಮಾನ್ಯರೇ, ಆ ಹಕ್ಕು ಎಷ್ಟು ಭಾರ ಎಂಬುದು ಅದನ್ನು ತಲೆಗೆ ಕಟ್ಟಿದಾಗ ಗೊತ್ತಾಗುತ್ತದೆ. ಮಂಗಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೂದಿಕೋಟೆ ಬೆಟ್ಟ ತೋರಿಸಿದವನು ನಾನು. ಅವಳಿಗೆ ಅಕ್ಷರ ಕಲಿಸಿದವನೂ ನಾನೇ, ಆದ್ದರಿಂದಲೇ ಅವಳ ಅಕ್ಷರವೂ ಚೆನ್ನಾಗಿದೆ. ಅವಳನ್ನು ಕೇಳಿದರೆ ಅವಳು ರಾಗಿ ಬೀಸುವುದನ್ನೂ ನಿಲ್ಲಿಸದೆ ಹೇಳಿದಳು: ‘ಮಾಮ, ನೀನ್ ನಿದ್ದೇಲಿ ಗೊರಕೆ ಒಡೆಯೋದು ನಮ್ ಮನೆ ತನ್ಕ ಕೇಳ್ತದೆ. ನಿನ್ ಕಟ್ಕೊಳ್ಳೋದಕ್ಕಿಂತ ಆ ಅಳ್ದಿ ಕಣ್ಣೇ ವಾಸಿ.’ ನನಗೆ ಇದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಸ್ವಲ್ಪ ಬೇಜಾರೂ ಆಯಿತು, ಅದು ಬೇರೆ ಮಾತು.

ಹೀಗಾಗಿ, ಡಾಕ್ಟರು ಹೇಳುವ ತನಕ ತಾಂಬೂಲ ವಾಪಸ್ ಮಾಡಬೇಡಿ ಎಂದು ಬಾವನನ್ನು ಬೇಡಿಕೊಂಡು, ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಇನ್ನೂ ಹರೆಯದವರು. ಹೊಟ್ಟೆ ಒತ್ತಿ, ರಕ್ತ ನೋಡಿ, ವಾರಗಟ್ಟಲೆ ಮಲಗಿಸಿಕೊಂಡು ನೋಡಿದರು. ಕಣ್ಣಿನ ಹಳದಿ ಇಳಿಯಿತು, ಊತ ಇಳಿಯಲಿಲ್ಲ. ಆಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ‘ನೋಡಿ, ಕಾಮಾಲೆಯಿಂದ ಊದಿದ ಲಿವರು, ಕುಡಿತದಿಂದ ಕೆಟ್ಟ ಲಿವರು, ಕ್ಷಯ ಕೂತ ಲಿವರು, ಮೂರೂ ಕೈಗೆ ಒಂದೇ ಥರ ಸಿಗುತ್ತವೆ. ಒಳಗಿನ ಚೂರು ನೋಡದೆ ನಾನು ಏನು ಹೇಳಿದರೂ ಅದು ಊಹೆ. ಗಟ್ಟಿಯಾಗುತ್ತಿದ್ದರೆ ಇವನನ್ನು ಮತ್ತೆ ಗಣಿಗೆ ಇಳಿಸಬಾರದು. ಮಾಯುತ್ತಿದ್ದರೆ ಸುಮ್ಮನೆ ಮಲಗಿಸಿ ಕೂಲಿ ಕಳೆಯಬಾರದು.’ ಎಷ್ಟು ಚೊಕ್ಕವಾಗಿ ಹೇಳಿದರು ನೋಡಿ. ತಮ್ಮ ನೋಟೀಸಿಗಿಂತ ಚಿಕ್ಕದು, ಅರ್ಥವೂ ಆಗುತ್ತದೆ.

ಸೂಜಿ ಅಪಾಯ, ರಕ್ತ ಹರಿಯಬಹುದು ಎಂದು ತಾವು ನೋಟೀಸಿನ ಕೊನೆಯಲ್ಲಿ ಸಣ್ಣಗೆ ಸೇರಿಸಿದ್ದೀರಿ. ನಿಜ, ನಾನು ಇಲ್ಲವೆನ್ನುವುದಿಲ್ಲ. ಅದಕ್ಕೇ ಅವರು ಮೊದಲು ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುತ್ತಾರೆ, ಹೊಂದುವ ರಕ್ತದವರನ್ನು ಹತ್ತಿರ ಕೂರಿಸಿಕೊಳ್ಳುತ್ತಾರೆ. ಬಂದಿದ್ದ ನೆಂಟರಿಷ್ಟರಲ್ಲಿ ಯಾರ ರಕ್ತ ಹೊಂದಿತು ಎನ್ನುತ್ತೀರಿ? ನನ್ನದೇ! ಬೇಕಾದರೆ ಒಂದು ಬಿಂದಿಗೆ ತೆಗೆದುಕೊಳ್ಳಿ ಎಂದೆ. ಅಗತ್ಯ ಬೀಳಲಿಲ್ಲ. ಸೂಜಿ ಹಾಕುವಾಗ ನಾನು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತೆನೆಂದು ನರ್ಸಮ್ಮನವರು ಊರೆಲ್ಲ ಹೇಳಿಕೊಂಡು ನಗುತ್ತಿದ್ದಾರೆ. ನಾನು ಕುಸಿಯಲಿಲ್ಲ. ಸ್ಟೂಲು ತಗ್ಗಿತ್ತು.

ಡಾಕ್ಟರು ಹುಡುಗನಿಗೆ, ‘ಉಸಿರು ಪೂರ್ತಿ ಹೊರಗೆ ಬಿಡು, ಹಾಗೇ ತಡೆದುಕೋ, ಅಲುಗಾಡಬೇಡ’ ಎಂದರು. ಹೇಳಿದ್ದು ಯಾರಿಗೆ? ಗಣಿಯೊಳಗೆ ಮದ್ದು ಸಿಡಿದ ಮೇಲೆ ಹೊಗೆ ಕವಿದರೆ, ಗಾಳಿ ಸಿಗುವ ತಿರುವಿನವರೆಗೆ ಉಸಿರು ಬಿಗಿಹಿಡಿದು ನಡೆಯುವ ಅಭ್ಯಾಸದವನಿಗೆ. ಸೂಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬಂತು. ದಾರದೆಳೆಯಷ್ಟು ಚೂರನ್ನು ಎಲ್ಲರೂ ಬಗ್ಗಿ ನೋಡುತ್ತ ನಿಂತರು. ಉಸಿರಾಡು ಎಂದು ಅವನಿಗೆ ಹೇಳುವುದನ್ನೇ ಮರೆತರು. ಸ್ವಲ್ಪ ಹೊತ್ತಾದ ಮೇಲೆ ನರ್ಸಮ್ಮ ತಿರುಗಿ ನೋಡಿ ಕೂಗಿಕೊಂಡರು. ಹುಡುಗನ ಮುಖ ಬದನೆಕಾಯಿ ಬಣ್ಣಕ್ಕೆ ಬಂದಿತ್ತು.

‘ಉಸಿರಾಡಯ್ಯಾ, ಉಸಿರಾಡು!’ ಎಂದರು ಡಾಕ್ಟರು.

ಅವನು ಗಾಳಿ ಎಳೆದುಕೊಂಡು, ‘ನೀವ್ ಯೋಳ್ದೆ ಎಂಗ್ ಉಸ್ರಾಡ್ಲಿ ಸ್ವಾಮಿ?’ ಎಂದ. ಇಂಥ ಹುಡುಗ, ಮಾನ್ಯರೇ. ಇವನು ಕದ್ದು ಕುಡಿಯುತ್ತಾನೆ ಎನ್ನುತ್ತಾರೆ ನನ್ನ ಬಾವ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಾವು ಕೂತ ಜಾಗದಲ್ಲಿ ಸ್ವಲ್ಪ ನೆಟ್ಟಗಾಗಿ ಕೂತು ಓದಬೇಕು.

ಆ ಚೂರನ್ನು ಒಂದು ಸಣ್ಣ ಸೀಸೆಯಲ್ಲಿ, ನೀರಿನಂತೆ ಕಾಣುವ ಔಷಧಿಯಲ್ಲಿ ಮುಳುಗಿಸಿ ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕು. ಆಸ್ಪತ್ರೆಯ ಜವಾನನ ಮನೆಯಲ್ಲಿ ಅವತ್ತು ಹೆರಿಗೆ. ‘ನಾನಿಲ್ಲವೇ?’ ಎಂದೆ. ಡಾಕ್ಟರು ಮುಚ್ಚಳ ತೆಗೆಯಕೂಡದು ಎಂದು ಹೇಳಿ ಸೀಸೆ ಕೊಟ್ಟರು. ಅಳಿಯನನ್ನು ನೋಡಲು ಬಂದಿದ್ದ ನನ್ನ ಅಕ್ಕನೂ ಆಂಡರ್ಸನ್‌ಪೇಟೆಯಲ್ಲಿ ಸಾಮಾನು ಕೊಂಡು ನನ್ನ ಜೊತೆಗೇ ರೈಲು ಹತ್ತಿ ಬಂಗಾರಪೇಟೆಗೆ ಬಂದಳು. ಅಲ್ಲಿಂದ ಅವಳು ಬೂದಿಕೋಟೆ ಬಸ್ಸಿಗೆ, ನಾನು ಬೆಂಗಳೂರು ರೈಲಿಗೆ. ಟಿಕೇಟಿಗೆ ನಿಂತಾಗ ಸೀಸೆಯನ್ನು ಅವಳ ಕೈಯಲ್ಲಿ ಕೊಟ್ಟು ಹೋದೆ. ಯಾರೂ ಮಾಡುವ ಕೆಲಸವೇ. ವಾಪಸ್ಸು ಬಂದಾಗ ಸೀಸೆ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿತ್ತು. ಅಕ್ಕನ ಅಕ್ಕರೆ ಎಂದುಕೊಂಡೆ. ಹಾಗೇ ಒಯ್ದು ಲ್ಯಾಬಿನಲ್ಲಿ ಕೊಟ್ಟು ಬಂದೆ.

ಮೂರು ವಾರ ಬಿಟ್ಟು ಉತ್ತರ ಬಂತು. ಡಾಕ್ಟರು ನಮ್ಮನ್ನೆಲ್ಲ ಕರೆಸಿದರು. ಬಾವ ಕೈಕಟ್ಟಿ ನಿಂತಿದ್ದರು, ಅಕ್ಕ ಸೆರಗು ಹೊದ್ದು ಬಾಗಿಲ ಹತ್ತಿರ ಕೂತಿದ್ದಳು. ಡಾಕ್ಟರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಆಮೇಲೆ ಕೇಳಿದರು: ‘ಚೂರು ಕೆಟ್ಟುಹೋಗಿದೆ, ಪರೀಕ್ಷೆಗೆ ಬರುವುದಿಲ್ಲ ಎಂದಿದ್ದಾರೆ. ಅದಿರಲಿ, ಈ ಸೀಸೆಗೆ ಉಪ್ಪು, ಅರಿಶಿನ ಹೇಗೆ ಬಂತು?’

ಬಾಗಿಲ ಕಡೆಯಿಂದ ನನ್ನ ಅಕ್ಕನ ದನಿ ಬಂತು. ಅಂಜಿಕೆಯ ದನಿಯಲ್ಲ. ಯಾರಾದರೂ ಹೊಗಳಲಿ ಎಂದು ಕಾದಿದ್ದವಳ ದನಿ.

‘ನಾನೇ ಆಕ್ದೆ ಸ್ವಾಮಿ. ಆ ನೀರು ಮೂಗಿಗೆ ಒಡೀತಿತ್ತು, ಕಣ್ಣಲ್ಲೂ ನೀರು ಬಂತು. ಕೆಟ್ಟೋಗದೆ ಅಂತ ರೈಲ್ ಕಂಬಿ ಪಕ್ಕಕ್ಕೆ ಚೆಲ್ಬುಟ್ಟೆ. ಅಷ್ಟು ದೂರ ಮಾಂಸ ಒತ್ಕೊಂಡೋಗೋವಾಗ ಉಪ್ಪು ಅರಿಸ್ನ ಅಚ್ದೆ ಕಳಿಸ್ತಾರಾ? ಅಳಿಯನ್ ಮಾಂಸ, ಉಳ ಬಿದ್ರೆ ಒಳ್ಳೇದಾ?’

‘ಅಕ್ಕಾ, ಮುಚ್ಚಳ ತೆಗೀಬ್ಯಾಡ ಅಂದಿದ್ರಲ್ಲೇ!’ ಎಂದು ಕೂಗಿದೆ.

‘ನಿನ್ಗಂದಿದ್ರು. ನನ್ಗೇನ್ ಅಂದ್ರು?’

ನಮ್ಮ ಕಡೆ ಮರಿ ಕುಯ್ದಾಗ ಉಳಿದ ಮಾಂಸಕ್ಕೆ ಉಪ್ಪು ಅರಿಶಿನ ಸವರಿ, ಬಿಸಿಲಲ್ಲಿ ಒಣಗಿಸಿ ಇಡುತ್ತಾರೆ. ಅದರಲ್ಲಿ ನನ್ನ ಅಕ್ಕನ ಕೈ ಮೀರಿಸುವವರಿಲ್ಲ. ವರ್ಷವಾದರೂ ಕೆಡುವುದಿಲ್ಲ. ಮಾಡಿದ್ದು ಪ್ರೀತಿಯಿಂದ, ಪೂರ್ತಿ ಅನುಭವದಿಂದ. ಡಾಕ್ಟರು ಮೊದಲು ಮೇಜಿನ ಮೇಲೆ ತಲೆ ಇಟ್ಟರು. ಅಳುತ್ತಿದ್ದಾರೆ ಎಂದುಕೊಂಡೆ. ತಲೆ ಎತ್ತಿದಾಗ ನಗುತ್ತಿದ್ದರು. ‘ನರಸಮ್ಮನವರೇ, ಮುಂದಿನ ಸಲ ಸಾರಿನ ಪುಡಿ ಹಾಕಬೇಡಿ’ ಎಂದರು. ಅಕ್ಕ ಗಂಭೀರವಾಗಿ, ‘ಸಾರಿನ್ ಪುಡಿ ಬೇಯ್ಸೋವಾಗ ಆಕೋದು’ ಎಂದು ತಿದ್ದಿದಳು. ಆಗಲೇ ಡಾಕ್ಟರು ಎರಡನೇ ಸೂಜಿಗೆ ದಿನ ಗೊತ್ತು ಮಾಡಿದ್ದು. ಈ ಸಲ ಸೀಸೆ ಜವಾನನ ಕೈಯಲ್ಲೇ ಹೋಗುತ್ತದೆ, ನೆಂಟರು ಯಾರೂ ಮುಟ್ಟುವ ಹಾಗಿಲ್ಲ. ಬಾವನೂ ಒಪ್ಪಿದರು: ‘ಆಯ್ತು, ಅದ್ರಲ್ಲಿ ಏನ್ ಬತ್ತದೋ ಅದೇ ಕೊನೆ ಮಾತು. ಅಲ್ಲೀಗಂಟ ತಾಂಬೂಲ ವಾಪಸ್ ಮಾಡಲ್ಲ.’

ಈಗ ಹೇಳಿ ಮಾನ್ಯರೇ. ತಾವು ಬಂದಾಗ ಫಲ ಕೊಡದ ಸೂಜಿಗಳು ಎಂದು ಎಣಿಸಿದಿರಲ್ಲ, ಅದರಲ್ಲಿ ಇದೂ ಸೇರಿದೆ ತಾನೆ? ಸೇರಿದೆ, ನಾನು ವಿಚಾರಿಸಿದ್ದೇನೆ. ನನ್ನ ಅಕ್ಕನ ಉಪ್ಪು ಅರಿಶಿನವನ್ನು ಸೂಜಿಯ ತಲೆಗೆ ಕಟ್ಟಿದಿರಿ! ಚೂರು ಕೆಟ್ಟದ್ದು ಹೇಗೆ ಎಂದು ಒಂದು ಮಾತು ಕೇಳಿದ್ದರೆ ನಗುತ್ತಾ ಊರು ಸೇರುತ್ತಿದ್ದಿರಿ. ಬಸ್ಸು ಬಂಗಾರಪೇಟೆಯಲ್ಲಿ ಕೆಟ್ಟು ನಿಂತರೆ ಊರಿಗೆ ರಸ್ತೆಯೇ ಬೇಡ ಎಂದು ಯಾರಾದರೂ ಬರೆಯುತ್ತಾರೆಯೇ? ಉತ್ತರ ಬರುವುದಕ್ಕೆ ಮೂರು ವಾರ ಹಿಡಿಯುತ್ತದೆ ಎಂಬುದೂ ಸೂಜಿಯ ತಪ್ಪೇ? ಪರಿಶೀಲಿಸಬೇಕಾದದ್ದು ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗಿ ಬರುವ ಆ ದಾರಿಯನ್ನು. ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬರನ್ನು ಇಲ್ಲಿಗೇ ಕೊಟ್ಟಿದ್ದರೆ ತಮ್ಮ ಹೆಸರಿನ ಬೀದಿಯೇ ಆಗುತ್ತಿತ್ತು.

ಚಿಕಿತ್ಸೆ ಬದಲಾಗಲಿಲ್ಲ ಎನ್ನುವ ತಮ್ಮ ದೊಡ್ಡ ವಾದಕ್ಕೆ ಬರೋಣ. ಆಂಡರ್ಸನ್‌ಪೇಟೆಯಲ್ಲಿ ಆರುಮುಗಂ ಎಂಬ ತಗಡಿನ ಕೆಲಸದವನಿದ್ದಾನೆ. ಅವನ ಹೊಟ್ಟೆಯ ಗಡ್ಡೆ ನೋಡಿ ಎಲ್ಲರೂ ಕೈಬಿಟ್ಟಿದ್ದರು, ಹೆಂಡತಿ ಆಗಲೇ ಅಳಲು ಶುರು ಮಾಡಿದ್ದಳು. ಸೂಜಿ ಹಾಕಿದರೆ ಒಳಗಿದ್ದದ್ದು ಕ್ಷಯ. ಅದಕ್ಕೆ ಇಂಜೆಕ್ಷನ್ ಇದೆ, ಕೊಟ್ಟರು. ಈಗ ಬೆಳಗಿನಿಂದ ಸಂಜೆಯವರೆಗೆ ಅವನು ಬಡಿಯುವ ಸದ್ದಿಗೆ ಅಕ್ಕಪಕ್ಕದವರು ಸೂಜಿಗೆ ಶಾಪ ಹಾಕುತ್ತಿದ್ದಾರೆ. ಇದು ಬದಲಾವಣೆ ಅಲ್ಲವೆಂದರೆ ತಮ್ಮ ಕಿವಿಯನ್ನೂ ಪರಿಶೀಲಿಸಬೇಕಾಗುತ್ತದೆ.

ಇಂಥವರು ಕಡಿಮೆ ಎನ್ನುತ್ತೀರಿ. ಇರಲಿ, ಬದಲಾಗದವರ ಮಾತನ್ನೂ ಕೇಳಿ. ನಮ್ಮ ಪಕ್ಕದೂರಿನ ಮುದುಕಿ ಅಮ್ಮಾಜಮ್ಮ. ಮಕ್ಕಳು ಆಕೆಯನ್ನು ವೇಲೂರಿಗೊಮ್ಮೆ, ಬೆಂಗಳೂರಿಗೊಮ್ಮೆ, ಕಾಮಾಲೆಗೆ ಬರೆ ಹಾಕುವವನ ಹತ್ತಿರಕ್ಕೊಮ್ಮೆ ಹೊತ್ತು ತಿರುಗುತ್ತಿದ್ದರು. ಸೂಜಿಯಲ್ಲಿ ಇನ್ನು ಮಾಡುವುದೇನಿಲ್ಲ ಎಂದು ಬಂತು. ಔಷಧಿ ಬದಲಾಗಲಿಲ್ಲ, ನಿಜ. ಆದರೆ ಹೊತ್ತು ತಿರುಗುವುದು ನಿಂತಿತು. ಉಪ್ಪಿಲ್ಲದ ಪಥ್ಯ ಬಿಟ್ಟು ಮುದುಕಿ ತನಗೆ ಬೇಕಾದ ಹುರುಳಿ ಸಾರು ಕೇಳಿ ಮಾಡಿಸಿಕೊಂಡು ತಿಂದಳು, ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡಳು, ಸೊಸೆಯರನ್ನು ಮನಸಾರೆ ಬೈದಳು, ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದಳು. ಇದನ್ನು ತಾವು ಯಾವ ಲೆಕ್ಕಕ್ಕೆ ಹಾಕಿದಿರಿ? ಉಪಯೋಗ ಎಂದರೆ ಬರೀ ಮಾತ್ರೆಯ ಬಣ್ಣ ಬದಲಾಗುವುದೇ?

ಬೆಂಗಳೂರಿಗೆ ಹೋಗತಕ್ಕದ್ದು ಎಂದಿರಿ. ಹೋಗಬಹುದು. ಅಲ್ಲಿ ಹಾಸಿಗೆ ಸಿಗುವ ತನಕ ಕಾಯಬೇಕು, ಸೂಜಿ ಆದ ಮೇಲೆ ಬಲಮಗ್ಗುಲಾಗಿ ಅಲುಗದೆ ಮಲಗಬೇಕು, ಆಮೇಲೆ ಆ ಪಕ್ಕೆ ಹಿಡಿದುಕೊಂಡು ರೈಲಿನಲ್ಲಿ ನಿಂತು ಬರಬೇಕು. ಅದನ್ನೂ ಹುಡುಗ ತಡೆದುಕೊಂಡಾನು. ತಡೆದುಕೊಳ್ಳದವರು ನನ್ನ ಬಾವ. ಮೊನ್ನೆ ನೋಟೀಸಿನ ವಿಷಯ ಹೇಳಿದ್ದಕ್ಕೆ, ‘ಬೆಂಗ್ಳೂರಲ್ಲಿ ಯಾರ್‌ ಈಲಿ ತೋರ್ಸಿ ಬತ್ತಾನೋ ಯಾರಿಗ್ ಗೊತ್ತು? ನನ್ ಕಣ್ಮುಂದೆ ತೆಗೀಬೇಕು, ಇಲ್ದಿದ್ರೆ ಇಲ್ಲ. ಬಚ್ಚ, ನೀನು ಮದ್ವೆಗೆ ಮನೆಗೆ ಸುಣ್ಣ ಒಡಿಸ್ಕೊ’ ಎಂದರು. ನಿಮ್ಮ ಹತ್ತಿರ ಬೆಂಗಳೂರಿನ ದೊಡ್ಡ ದೊಡ್ಡ ಡಾಕ್ಟರುಗಳಿರಬಹುದು. ನನ್ನ ಬಾವನನ್ನು ಒಪ್ಪಿಸುವ ಡಾಕ್ಟರು ಒಬ್ಬರೇ, ಅವರು ಇಲ್ಲಿದ್ದಾರೆ.

ಸೂಜಿ ಹುಡುಗನ ಪರವಾಗಿಯೇ ಹೇಳುತ್ತದೆ ಎಂದು ಇಷ್ಟು ಹಾರಾಡುತ್ತಿದ್ದೀಯಾ ಎಂದು ತಾವು ಕೇಳಬಹುದು. ನನಗೆ ಗೊತ್ತಿಲ್ಲ ಸ್ವಾಮಿ. ಗೊತ್ತಿದ್ದರೆ ಸೂಜಿ ಯಾತಕ್ಕೆ? ನನಗೆ ಗೊತ್ತಿಲ್ಲದ ವಿಷಯ ಇಡೀ ಹೋಬಳಿಯಲ್ಲಿ ಇದೊಂದೇ, ಅದನ್ನೂ ಒಪ್ಪಿಕೊಳ್ಳುತ್ತಿದ್ದೇನೆ. ಈ ಪ್ರಶ್ನೆಯನ್ನು ನಾನು ಮಂಗಮ್ಮನಿಗೇ ಕೇಳಿದೆ. ಬಾವಿಕಟ್ಟೆಯ ಹತ್ತಿರ ಕೊಡ ಇಳಿಸಿ ನಿಂತಿದ್ದಳು.

‘ಅಲ್ಲಮ್ಮಿ, ಕುಡ್ದೇ ಕೆಟ್ಟದೆ ಅಂತ ಬಂದ್ರೆ ಏನ್ ಮಾಡ್ತೀಯ?’

‘ಬಂದ್ರೆ ಅಪ್ಪ ಯೋಳೋಕ್ ಮುಂಚೆ ನಾನೇ ಬ್ಯಾಡ ಅಂತೀನಿ.’

‘ಗಟ್ಟಿಯಾಗದೆ, ಗಣಿಗೆ ಇಳೀಬಾರ್ದು ಅಂತ ಬಂದ್ರೆ?’

‘ಮೇಲ್ಗಡೆ ಏನೂ ಕೆಲ್ಸ ಇಲ್ವಾ ಮಾಮ? ನಿನ್ ಆಲೂಗೆಡ್ಡೆ ಮೂಟೆ ಒರೋಕೆ ಯಾರೂ ಬ್ಯಾಡ್ವಾ?’ ಎಂದಳು. ಆಮೇಲೆ ಕೊಡ ಸೊಂಟಕ್ಕೆ ಏರಿಸಿಕೊಂಡು, ನಗು ಬಿಟ್ಟು ಹೇಳಿದಳು: ‘ಏನ್ ಬಂದ್ರೂ ಸರಿ, ನಿಜ ಬರ್ಲಿ. ಗೊತ್ತಿಲ್ದೇನೇ ಬ್ಯಾಡ ಅನ್ನು ಅಂದ್ರೆ ಎಂಗ್ ಅನ್ಲಿ? ಗೊತ್ತಿಲ್ದೇನೇ ನಿನ್ ಕಟ್ಕೊ ಅಂದ್ರೆ ಎಂಗ್ ಕಟ್ಕೊಳ್ಲಿ?’

ಮಾನ್ಯರೇ, ಈ ಸೂಜಿಯ ಉಪಯೋಗವನ್ನು ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ. ನನಗೇ ಬರುವುದಿಲ್ಲವೆಂದರೆ ತಮ್ಮ ಕಚೇರಿಯಲ್ಲಿ ಯಾರಿಗೂ ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಆ ನೋಟೀಸನ್ನು ಕೀಳಿಸಿ. ಸೂಜಿ ಇಲ್ಲೇ ಇರಲಿ. ಮತ್ತೆ ಪರಿಶೀಲನೆಗೆ ಬರುವುದಾದರೆ, ಸೂಜಿ ಹಾಕಿಸಿಕೊಂಡವರ ಮನೆಗೆ ಹೋಗಿ ‘ಆಮೇಲೆ ನಿಮ್ಮ ಮನೆಯಲ್ಲಿ ಏನು ಬದಲಾಯಿತು’ ಎಂದು ಕೇಳಿ. ಟೀ ನಾವು ಕೊಡುತ್ತೇವೆ. ಇಷ್ಟೆಲ್ಲ ಕಷ್ಟವೆನಿಸಿದರೆ ಮುಂದಿನ ತಿಂಗಳ ಮೊದಲ ಸೋಮವಾರದವರೆಗಾದರೂ ಸೂಜಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಶ್ರಾವಣ ಹತ್ತಿರ ಬರುತ್ತಿದೆ. ನನ್ನ ಬಾವ ಇವತ್ತು ನನ್ನನ್ನು ಕೇಳದೆಯೇ ನನ್ನ ಮನೆಗೆ ಸುಣ್ಣದವನನ್ನು ಕಳಿಸಿದ್ದಾರೆ. ನಾನು ಹಿತ್ತಲ ಬಾಗಿಲಿಂದ ಓಡಿ, ಈ ಪತ್ರವನ್ನು ಹುಣಸೆಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಮನೆಯ ಕಡೆಯಿಂದ ಗೋಡೆ ಕೆರೆಯುವ ಸದ್ದು ಕೇಳುತ್ತಿದೆ.

ಇಂತಿ,
ಹುಡುಗಿಗೆ ಮಾವನಾಗಿ ಹುಟ್ಟಿ, ಮಾವನಾಗಿಯೇ ಸಾಯಬೇಕೆಂದು ಆಸೆಪಡುವ,
ಆದರೆ ಸದ್ಯಕ್ಕೆ ತಮ್ಮ ಕೃಪೆಯಿಂದ ಮದುಮಗನಾಗುವ ಗಂಡಾಂತರದಲ್ಲಿರುವ
ಬಚ್ಚಪ್ಪ
ಬೂದಿಕೋಟೆ ಹೋಬಳಿ, ಬಂಗಾರಪೇಟೆ ತಾಲ್ಲೂಕು
1964